ಕಾರ್ಯದರ್ಶಿ ಬದಲಾದರೂ ಕೆಲಸ ನಿಲ್ಲದಿರಲಿ: ಕೊಪ್ಪಳ ಜಿಲ್ಲೆಯ ಸಂಘ-ಸಂಸ್ಥೆಗಳಿಗೆ ಒಂದು ಬಹಿರಂಗ ಪತ್ರ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಕುಕನೂರು, ಕಾರಟಗಿ, ಕನಕಗಿರಿ ತಾಲೂಕುಗಳ ಯುವಕ ಸಂಘ, ಮಹಿಳಾ ಸಂಘ, ರಕ್ತದಾನಿಗಳ ಬಳಗ, ಕೆರೆ ಸಮಿತಿ, ದಾಸೋಹ ಸಮಿತಿ ಹಾಗೂ ಹಳೆಯ ವಿದ್ಯಾರ್ಥಿಗಳ ಸಂಘಗಳ ಅಧ್ಯಕ್ಷರು, ಕಾರ್ಯದರ್ಶಿಗಳು, ಖಜಾಂಚಿಗಳು ಮತ್ತು ಎಲ್ಲ ಸದಸ್ಯರಿಗೆ ನಮಸ್ಕಾರಗಳು.

ನಮ್ಮ ಭಾಗದ ಸಂಘಗಳಲ್ಲಿ ದುಡಿಯುವ ಮಂದಿ ಒಂದೇ ಕಡೆ ನಿಲ್ಲುವವರಲ್ಲ. ಕಾರ್ಯದರ್ಶಿ ಶಿಕ್ಷಕರಾಗಿದ್ದರೆ ವರ್ಗಾವಣೆ ಬರುತ್ತದೆ. ಡಿಗ್ರಿ ಮುಗಿಸಿದ ಹುಡುಗರು ಬೆಂಗಳೂರಿಗೆ ಹೋಗುತ್ತಾರೆ. ಚುರುಕಾಗಿ ಓಡಾಡುತ್ತಿದ್ದ ಹುಡುಗಿ ಮದುವೆಯಾಗಿ ಬೇರೆ ಜಿಲ್ಲೆ ಸೇರುತ್ತಾಳೆ. ಇದರಲ್ಲಿ ಯಾರ ತಪ್ಪೂ ಇಲ್ಲ, ಇದನ್ನು ತಡೆಯಲೂ ಆಗದು. ಆದರೆ ಅವರು ಹೋದ ಆರು ತಿಂಗಳಿಗೆ ಸಂಘದ ಬಾಗಿಲಿಗೆ ಬೀಗ ಬೀಳುವುದನ್ನು ಖಂಡಿತ ತಡೆಯಬಹುದು. ಸಂಘ ನಿಲ್ಲುವುದು ದುಡ್ಡಿಲ್ಲದೆ ಎಂದು ಎಲ್ಲರೂ ಹೇಳುತ್ತಾರೆ. ಸಂಘಗಳ ಲೆಕ್ಕಪತ್ರ, ನೋಂದಣಿ, ತರಬೇತಿಯ ಕೆಲಸದಲ್ಲಿ ತೊಡಗಿರುವ ನಾವು ಹೇಳುವುದು ಬೇರೆ: ಖಾತೆಯಲ್ಲಿ ಹಣವಿದ್ದೂ, ಕೆಲಸ ಮಾಡುವ ಮನಸ್ಸಿದ್ದೂ, ಮುಂದೇನು ಮಾಡಬೇಕೆಂದು ತಿಳಿಯದೆ ನಿಂತುಹೋಗುವ ಸಂಘಗಳೇ ಹೆಚ್ಚು. ಅದಕ್ಕೇ ಈ ಪತ್ರ.

ಸಂಘದ ತಿಳಿವಳಿಕೆಯನ್ನು ಮೊದಲು ಮೂರು ಪಾಲು ಮಾಡಿಕೊಳ್ಳಿ. ಪದೇಪದೇ ಮಾಡುವ ಕೆಲಸ ಒಂದು ಪಾಲು. ವರ್ಷಕ್ಕೊಮ್ಮೆಯೋ ಐದು ವರ್ಷಕ್ಕೊಮ್ಮೆಯೋ ಬರುವ ಅಪರೂಪದ ಕೆಲಸ ಇನ್ನೊಂದು. ಮೂರನೆಯದು ಪರಿಚಯ: ಯಾವ ಕಚೇರಿಯಲ್ಲಿ ಯಾರನ್ನು ಕಾಣಬೇಕು, ಶಾಮಿಯಾನ ಯಾರು ಉದ್ರಿ ಕೊಡುತ್ತಾರೆ, ಯಾವ ದಾನಿ ಯಾವ ತಿಂಗಳಲ್ಲಿ ಕೊಡುತ್ತಾರೆ ಎಂಬುದು. ಈ ಮೂರನ್ನೂ ಒಂದೇ ರೀತಿಯಲ್ಲಿ ದಾಟಿಸಲು ಹೋದರೆ ಕೆಡುತ್ತದೆ. ಪದೇಪದೇ ಮಾಡುವ ಕೆಲಸ ಜೊತೆಗೆ ನಿಂತು ಮಾಡಿದರೆ ಬರುತ್ತದೆ, ಪುಸ್ತಕ ಓದಿ ಬರುವುದಿಲ್ಲ. ಅಪರೂಪದ ಕೆಲಸವನ್ನು ಬರೆದೇ ಇಡಬೇಕು, ನೆನಪನ್ನು ನಂಬುವಂತಿಲ್ಲ. ಪರಿಚಯವನ್ನು ಮುಖಾಮುಖಿ ಮಾಡಿಸಬೇಕು, ಬರೀ ಫೋನ್ ನಂಬರ್ ಕೊಟ್ಟರೆ ಆಗದು.

ಮೊದಲ ಪಾಲಿಗೆ ನಮ್ಮ ಜಿಲ್ಲೆಯಲ್ಲೇ ದೊಡ್ಡ ಉದಾಹರಣೆ ಇದೆ. ಗವಿಮಠದ ಜಾತ್ರೆಯ ಮಹಾದಾಸೋಹಕ್ಕೆ ಊರೂರಿನಿಂದ ರೊಟ್ಟಿ, ಮಾದಲಿ, ಕಾಳುಕಡಿ ಬರುತ್ತವೆ. ಸಾವಿರಾರು ಮಂದಿ ಬಂದು ಸೇವೆ ಮಾಡಿ ಹೋಗುತ್ತಾರೆ. ಪ್ರತಿ ವರ್ಷ ನಡೆಯುವ ಕೆಲಸವಾದ್ದರಿಂದ ಹಿರಿಯರ ಪಕ್ಕದಲ್ಲಿ ನಿಂತವರು ಮುಂದಿನ ವರ್ಷಗಳಲ್ಲಿ ತಾವೇ ಒಲೆಯ ಮುಂದೆ ನಿಲ್ಲುತ್ತಾರೆ. ಎರಡನೆಯ ಪಾಲಿಗೂ ಉದಾಹರಣೆ ನಮ್ಮಲ್ಲೇ ಇದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಕ್ರಸ್ಟ್ ಗೇಟ್‌ಗಳ ಪೈಕಿ 19ನೆಯದರ ಚೈನ್ ತುಂಡಾಗಿ ಗೇಟ್ ಕೊಚ್ಚಿ ಹೋಯಿತು. ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟ್ ಕೂರಿಸಲು ನಿವೃತ್ತ ತಜ್ಞ ಕನ್ನಯ್ಯ ನಾಯ್ಡು ಅವರನ್ನು ಕರೆಸಬೇಕಾಯಿತು. ಸುಮಾರು ಒಂದು ವಾರದಲ್ಲಿ ನೀರು ತಡೆದರು. ಅವರಿಗೆ ಈ ಭಾಗದ ರೈತರು ಎಷ್ಟು ಕೃತಜ್ಞರಾದರೂ ಕಡಿಮೆಯೇ. ಆದರೆ ಏಳು ದಶಕಗಳಲ್ಲಿ ಕಾಣದಿದ್ದ ಕೆಲಸ ಎದುರಾದಾಗ ಬಲ್ಲವರು ಎಷ್ಟು ಮಂದಿ ಉಳಿದಿದ್ದಾರೆ ಎಂಬ ಪ್ರಶ್ನೆ ಆ ವಾರ ಎಲ್ಲರಿಗೂ ಬಂದಿತ್ತು. ಅದೇ ಪ್ರಶ್ನೆಯನ್ನು ನಿಮ್ಮ ಸಂಘಕ್ಕೂ ಹಾಕಿ ನೋಡಿ. ದಾನಿಗಳಿಗೆ ಆದಾಯ ತೆರಿಗೆ ರಿಯಾಯಿತಿ ಸಿಗಲು ಸಂಘ ಪಡೆಯುವ 80ಜಿ ಅನುಮೋದನೆಯ ನವೀಕರಣ ಹೋದ ಸಲ ಯಾರು ಮಾಡಿದರು? ಅವರು ಈಗ ಎಲ್ಲಿದ್ದಾರೆ?

ಹೆಚ್ಚು ಸಂಘಗಳು ಸಿಕ್ಕಿಬೀಳುವುದು ಕಾಗದಪತ್ರದಲ್ಲಿ. ಹಾಗಾಗಿ ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇವೆ.

ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರ ಅಡಿ ನೋಂದಣಿಯಾದ ಸಂಘ ವಾರ್ಷಿಕ ಸಭೆ ನಡೆಸಿದ 14 ದಿನದೊಳಗೆ ಆಡಳಿತ ಮಂಡಳಿಯ ಪಟ್ಟಿಯನ್ನು ಜಿಲ್ಲಾ ಸಂಘಗಳ ನೋಂದಣಾಧಿಕಾರಿಗಳ ಕಚೇರಿಗೆ ಸಲ್ಲಿಸಬೇಕು, ಜೊತೆಗೆ ಲೆಕ್ಕಪರಿಶೋಧನೆಯಾದ ಲೆಕ್ಕವನ್ನೂ ಕೊಡಬೇಕು. ಎರಡು ಮೂರು ವರ್ಷ ಇದು ತಪ್ಪಿತು ಎಂದುಕೊಳ್ಳಿ. ಅಷ್ಟರಲ್ಲಿ ಸಭೆ ಸೇರಿ ಹೊಸಬರನ್ನು ಆರಿಸಿದಿರಿ, ನಡಾವಳಿ ಪುಸ್ತಕದಲ್ಲಿ ಠರಾವನ್ನೂ ಬರೆದಿರಿ. ಹೊಸ ಕಾರ್ಯದರ್ಶಿ ಬ್ಯಾಂಕಿಗೆ ಹೋದರೆ ನೋಂದಣಾಧಿಕಾರಿಗಳ ಕಚೇರಿಯ ದೃಢೀಕೃತ ಪಟ್ಟಿ ತನ್ನಿ ಎನ್ನುತ್ತಾರೆ. ಆ ಕಚೇರಿಗೆ ಹೋದರೆ ಬಾಕಿ ವರ್ಷಗಳ ಲೆಕ್ಕ ಕೇಳುತ್ತಾರೆ. ಲೆಕ್ಕ ಮಾಡಿಸಲು ಬ್ಯಾಂಕ್ ಸ್ಟೇಟ್‌ಮೆಂಟ್ ಬೇಕು, ಅದನ್ನು ಕೇಳಿದರೆ ಹಳೆಯ ಸಹಿದಾರರೇ ಬರಬೇಕು ಎನ್ನುತ್ತಾರೆ. ಹಳೆಯ ಸಹಿದಾರರು ಊರಲ್ಲಿಲ್ಲ. ಈ ಸುತ್ತಾಟದಲ್ಲಿ ಹೊಸಬರ ಉತ್ಸಾಹವೆಲ್ಲ ಬತ್ತಿಹೋಗುತ್ತದೆ. ಇನ್ನೊಂದು ಕಡೆ, ಎರಡು ವರ್ಷ ಯಾವ ವಹಿವಾಟೂ ಇಲ್ಲದಿದ್ದರೆ ಆ ಖಾತೆಯೇ ನಿಷ್ಕ್ರಿಯವಾಗುತ್ತದೆ. ಹತ್ತು ವರ್ಷ ಕಳೆದರೆ ಆ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಮರಳಿ ಪಡೆಯಬಹುದು, ಆದರೆ ಆಗಲೂ ಇವೇ ಕಾಗದಗಳು ಬೇಕು.

ಇದಕ್ಕೆ ಪರಿಹಾರ ಸರಳವಾಗಿದೆ. ಖಾತೆಗೆ ಮೂವರು ಸಹಿದಾರರಿರಲಿ, ಅವರಲ್ಲಿ ಯಾರಾದರೂ ಇಬ್ಬರ ಸಹಿ ಸಾಕು ಎಂದು ಬರೆಸಿ. ಮೂವರನ್ನೂ ಒಂದೇ ಸಲ ಬದಲಿಸಬೇಡಿ. ಹಳೆಯ ಕಾರ್ಯದರ್ಶಿ ಊರು ಬಿಡುವ ಮೊದಲೇ ಠರಾವಿನ ಪ್ರತಿ, ಹೊಸಬರ ಆಧಾರ್, ಪಾನ್, ಫೋಟೋ ಹಿಡಿದು ಇಬ್ಬರೂ ಕೂಡಿ ಬ್ಯಾಂಕಿಗೆ ಹೋಗಿ ಬನ್ನಿ. ಬರೆಯದ ಚೆಕ್ಕುಗಳಿಗೆ ಮುಂಗಡ ಸಹಿ ಹಾಕಿಟ್ಟು ಹೋಗುವ ರೂಢಿಯನ್ನು ದಯವಿಟ್ಟು ಇಂದೇ ಬಿಡಿ. ಅದು ಹೋದವರಿಗೂ ಅಪಾಯ, ಇದ್ದವರಿಗೂ ಅಪಾಯ.

ಆದಾಯ ತೆರಿಗೆಯ ವಿಷಯ. 80ಜಿ ಅನುಮೋದನೆ ಒಮ್ಮೆ ಸಿಕ್ಕರೆ ಕಾಯಂ ಎಂದು ಇನ್ನೂ ನಂಬಿದವರಿದ್ದಾರೆ. 2021ರ ಏಪ್ರಿಲ್‌ನಿಂದ ಅದಕ್ಕೆ ಅವಧಿ ಇದೆ. ಮುಗಿಯುವ ಆರು ತಿಂಗಳ ಮೊದಲೇ ನವೀಕರಣಕ್ಕೆ ಅರ್ಜಿ ಹಾಕಬೇಕು. ದಾನಿಗಳ ವಿವರವನ್ನು ಪ್ರತಿ ವರ್ಷ ಮೇ 31ರೊಳಗೆ ಸಲ್ಲಿಸಬೇಕು. ಆ ದಿನಾಂಕ ಹಳೆಯ ಖಜಾಂಚಿಯ ತಲೆಯಲ್ಲಿ ಮಾತ್ರ ಇದ್ದರೆ ಹೊಸಬರಿಗೆ ಅದು ತಿಳಿಯುವುದು ದಾನಿ ಫೋನ್ ಮಾಡಿ "ನನ್ನ ಸರ್ಟಿಫಿಕೇಟ್ ಎಲ್ಲಿ?" ಎಂದು ಕೇಳಿದಾಗಲೇ. ಒಂದು ದೊಡ್ಡ ಗೋಡೆ ಕ್ಯಾಲೆಂಡರ್ ತಂದು ಇಂಥ ದಿನಾಂಕಗಳನ್ನು ಕೆಂಪು ಪೆನ್ನಿನಲ್ಲಿ ಬರೆದು ಕಚೇರಿಯಲ್ಲಿ ತೂಗುಹಾಕಿ. ಮೊಬೈಲಿನ ರಿಮೈಂಡರ್ ಒಬ್ಬರಿಗೆ ಮಾತ್ರ ಕೇಳಿಸುತ್ತದೆ, ಗೋಡೆಯ ಮೇಲಿನದು ಬಂದವರಿಗೆಲ್ಲ ಕಾಣುತ್ತದೆ.

ಈಗಿನ ಎಲ್ಲ ಕೆಲಸಕ್ಕೂ ಒಟಿಪಿ ಬೇಕು. ಅದು ಬರುವುದು ಯಾರ ಫೋನಿಗೆ? ಸಂಘದ್ದೇ ಒಂದು ಸಿಮ್ ಇರಲಿ, ಒಂದು ಸಾದಾ ಕೀಪ್ಯಾಡ್ ಫೋನಿನಲ್ಲಿ ಹಾಕಿ ಕಚೇರಿಯಲ್ಲೇ ಇಡಿ. ಬ್ಯಾಂಕ್, ಪಾನ್, ತೆರಿಗೆ ಪೋರ್ಟಲ್, ಇಮೇಲ್ ಎಲ್ಲಕ್ಕೂ ಅದೇ ನಂಬರ್ ಕೊಡಿ. 90 ದಿನ ಬಳಸದ ಪ್ರಿಪೇಯ್ಡ್ ಸಿಮ್ ಬಂದ್ ಆಗಬಹುದು, ಆಮೇಲೆ ಆ ನಂಬರ್ ಬೇರೆ ಯಾರಿಗೋ ಹೋಗುತ್ತದೆ. ತಿಂಗಳಿಗೊಮ್ಮೆ ರಿಚಾರ್ಜ್ ನೋಡಿ ಒಂದು ಕರೆ ಮಾಡುವ ಹೊಣೆಯನ್ನು ಒಬ್ಬರಿಗೆ ಹೆಸರು ಹಿಡಿದು ವಹಿಸಿ. ಜಿಮೇಲ್ ಖಾತೆಯನ್ನು ಎರಡು ವರ್ಷ ತೆರೆಯದಿದ್ದರೆ ಗೂಗಲ್ ಅಳಿಸಿಹಾಕಬಹುದು, ಅದನ್ನೂ ಆಗಾಗ ತೆರೆಯುತ್ತಿರಿ. ಪಾಸ್‌ವರ್ಡ್‌ಗಳನ್ನು ಸಂಘದ ಕೆಲಸಗಳ ಕ್ರಮ ಬರೆದಿಡುವ ಕೈಪಿಡಿಯಲ್ಲಿ (ಅದರ ಬಗ್ಗೆ ಮುಂದೆ ಹೇಳುತ್ತೇವೆ) ಬರೆಯಬೇಡಿ. ಬೇರೆ ಹಾಳೆಯಲ್ಲಿ ಬರೆದು ಲಕೋಟೆಗೆ ಹಾಕಿ, ಅಂಟಿಸಿದ ಜಾಗದ ಮೇಲೆ ಅಧ್ಯಕ್ಷರೂ ಖಜಾಂಚಿಯೂ ಸಹಿ ಮಾಡಿ ತಿಜೋರಿಯಲ್ಲಿಡಿ. ಹಳಬರು ಹೊಸಬರಿಗೆ ಹುದ್ದೆಯ ಚಾರ್ಜ್ ಕೊಟ್ಟ ದಿನವೇ ಎಲ್ಲ ಪಾಸ್‌ವರ್ಡ್ ಬದಲಿಸಿ. ಇದು ಹಳಬರ ಮೇಲಿನ ಅಪನಂಬಿಕೆಯಿಂದ ಮಾಡುವುದಲ್ಲ, ನಾಳೆ ಏನಾದರೂ ಆದರೆ ಅವರ ಮೇಲೆ ಮಾತು ಬಾರದಿರಲೆಂದು. ವಾಟ್ಸ್‌ಆ್ಯಪ್ ಗುಂಪಿಗೆ ಕನಿಷ್ಠ ಮೂವರು ಅಡ್ಮಿನ್ ಇರಲಿ. ಹಾಗೆಂದು ಅದನ್ನು ದಾಖಲೆಯ ಕಪಾಟು ಎಂದುಕೊಳ್ಳಬೇಡಿ. ಶುಭೋದಯದ ಚಿತ್ರಗಳ ನಡುವೆ ಹೋದ ವರ್ಷದ ಕೊಟೇಶನ್ ಹುಡುಕುವುದು ಯಾರಿಂದಲೂ ಆಗದು.

ಕಂಪ್ಯೂಟರಿನಲ್ಲಿ ಹಳೆಯ ಕಡತ ಇದ್ದರೆ ಒಮ್ಮೆ ತೆರೆದು ನೋಡಿ. ಹಳೆಯ 'ನುಡಿ', 'ಬರಹ' ತಂತ್ರಾಂಶಗಳಲ್ಲಿ ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿ ಟೈಪ್ ಮಾಡಿದ ಬೈಲಾ, ವರದಿಗಳು ಆ ಫಾಂಟ್ ಇಲ್ಲದ ಫೋನಿನಲ್ಲಿ ಅರ್ಥವಾಗದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಫೈಲ್ ಕೆಟ್ಟಿದೆ ಎಂದು ಹೊಸಬರು ಅಳಿಸಿದ್ದೂ ಉಂಟು. ಅವನ್ನು ಯೂನಿಕೋಡ್‌ಗೆ ಬದಲಿಸಿ, ಇಲ್ಲವೇ ಪಿಡಿಎಫ್ ಮಾಡಿ ಇಡಿ. ಕಾಗದದ ಬಿಲ್ಲುಗಳಲ್ಲಿ ಮಷೀನಿನಿಂದ ಬರುವ ನುಣುಪು ಕಾಗದದ ರಸೀದಿ ಒಂದೆರಡು ಬೇಸಿಗೆಯಲ್ಲೇ ಬೆಳ್ಳಗಾಗುತ್ತದೆ, ಬಂದ ದಿನವೇ ಝೆರಾಕ್ಸ್ ಮಾಡಿ ವೋಚರಿಗೆ ಅಂಟಿಸಿ. ನೋಂದಣಿ ಪ್ರಮಾಣಪತ್ರ, ಬೈಲಾ, ಜಾಗದ ಕಾಗದ ಕಬ್ಬಿಣದ ಅಲಮಾರಿಯಲ್ಲಿರಲಿ. ಅಲಮಾರಿಯನ್ನು ಗೋಡೆಗೆ ಒತ್ತಿ ಇಟ್ಟರೆ ಗೆದ್ದಲು ಹತ್ತುತ್ತದೆ, ನಾಲ್ಕು ಬೆರಳು ಬಿಡಿ. ಒಂದು ಜೊತೆ ಪ್ರತಿ ಬೇರೊಬ್ಬ ಪದಾಧಿಕಾರಿಯ ಮನೆಯಲ್ಲಿರಲಿ.

ಇನ್ನು ಕೈಪಿಡಿ. 200 ಪುಟದ ಒಂದು ಲಾಂಗ್ ಬುಕ್ ಸಾಕು. ಒಂದು ಕೆಲಸಕ್ಕೆ ಎದುರುಬದುರಿನ ಎರಡು ಪುಟ: ಎಡಗಡೆ ಕ್ರಮ, ಬಲಗಡೆ ಖಾಲಿ. ಪ್ರತಿ ಸಲ ಕೆಲಸ ಮುಗಿದ ಮೂರು ದಿನದೊಳಗೆ ಆ ಖಾಲಿ ಪುಟದಲ್ಲಿ ದಿನಾಂಕ ಹಾಕಿ, ಏನು ಕೆಟ್ಟಿತು, ಏಕೆ, ಖರ್ಚು ಎಷ್ಟಾಯಿತು ಎಂದು ಬರೆಯಿರಿ. ವಾರ ಕಳೆದರೆ ಎಲ್ಲವೂ ಚೆನ್ನಾಗಿ ಆಯಿತು ಎಂಬುದಷ್ಟೇ ನೆನಪಿರುತ್ತದೆ. ಬಾಲ್ ಪೆನ್ನಿನಲ್ಲೇ ಬರೆಯಿರಿ, ಜೆಲ್ ಪೆನ್ನಿನ ಶಾಯಿ ನೀರು ಬಿದ್ದರೆ ಹರಡುತ್ತದೆ.

ರಕ್ತದಾನ ಶಿಬಿರದ ಪುಟ ಹೇಗಿರಬೇಕೆಂದು ನೋಡೋಣ. "ಶಿಬಿರ ಏರ್ಪಡಿಸುವುದು" ಎಂದು ಬರೆದರೆ ಯಾರಿಗೂ ಉಪಯೋಗವಿಲ್ಲ. ಪರವಾನಗಿ ಇರುವ ರಕ್ತನಿಧಿಗೆ ಮೂರು ವಾರ ಮೊದಲು ಪತ್ರ ಕೊಡುವುದು, ಎಷ್ಟು ಚೀಲ ತರುತ್ತಾರೆ ಎಂದು ಆಗಲೇ ಕೇಳಿ ಬರೆದುಕೊಳ್ಳುವುದು. ಇದನ್ನು ಕೇಳದಿದ್ದರೆ ಚೀಲ ಮುಗಿದು ಸಾಲಿನಲ್ಲಿದ್ದವರು ಮರಳಿ ಹೋಗುತ್ತಾರೆ, ಹಾಗೆ ಹೋದವರು ಮತ್ತೆ ಬರುವುದು ಕಷ್ಟ. ವಯಸ್ಸು 18ರಿಂದ 65, ತೂಕ ಕನಿಷ್ಠ 45 ಕೆಜಿ, ಹಿಮೋಗ್ಲೋಬಿನ್ 12.5, ಗಂಡಸರಿಗೆ ಮೂರು ತಿಂಗಳ ಅಂತರ, ಹೆಂಗಸರಿಗೆ ನಾಲ್ಕು ತಿಂಗಳ ಅಂತರ ಎಂದು ಕರಪತ್ರದಲ್ಲೇ ಹಾಕುವುದು. ಶ್ರಾವಣದ ಸೋಮವಾರ, ಏಕಾದಶಿ, ರಂಜಾನ್ ತಿಂಗಳಲ್ಲಿ ಹಗಲು ಶಿಬಿರ ಇಡದಿರುವುದು, ಏಕೆಂದರೆ ಉಪವಾಸ ಇದ್ದವರಿಗೆ ತಲೆ ಸುತ್ತುತ್ತದೆ. ಬೇಸಿಗೆಯಲ್ಲಿ ಇಟ್ಟರೆ ಬೆಳಿಗ್ಗೆ 11ರೊಳಗೆ ಮುಗಿಸುವುದು. ಕೊಟ್ಟವರು ಎದ್ದ ಕೂಡಲೇ ಬಿಸಿಲಿಗೆ ಹೋಗದಂತೆ ನೆರಳಿನಲ್ಲಿ ಹತ್ತು ಹದಿನೈದು ನಿಮಿಷ ಕೂರಲು ಕುರ್ಚಿ ಹಾಕುವುದು.

ಅದೇ ಪುಟದಲ್ಲಿ ಇನ್ನೊಂದು ಮಾತನ್ನೂ ಬರೆಯಿರಿ, ಇದು ಅನುಭವಿಗಳಿಗೆ ಮಾತ್ರ ಗೊತ್ತಿರುತ್ತದೆ. ಸಂಗ್ರಹಿಸಿದ ಕೆಂಪು ರಕ್ತಕಣ ಬಳಸಿದ ದ್ರಾವಣಕ್ಕೆ ತಕ್ಕಂತೆ 35 ಅಥವಾ 42 ದಿನ ಮಾತ್ರ ಬಾಳುತ್ತದೆ, ಪ್ಲೇಟ್‌ಲೆಟ್ ಐದು ದಿನ. ಎಲ್ಲ ಸಂಘಗಳೂ ಒಂದೇ ಜಯಂತಿಯ ದಿನ ಶಿಬಿರ ಮಾಡಿದರೆ ಆ ವಾರ ರಕ್ತ ಹೆಚ್ಚಾಗಿ ಎರಡು ತಿಂಗಳ ನಂತರ ಕೊರತೆ ಬೀಳುತ್ತದೆ. ನೆರೆಯ ಸಂಘದವರ ಜೊತೆ ಮಾತಾಡಿ ದಿನ ಹಂಚಿಕೊಳ್ಳಿ. ದಾನಿಗಳ ಪಟ್ಟಿಯಲ್ಲಿ ಹೆಸರು, ಗುಂಪು, ಕೊಟ್ಟ ದಿನ, ಮತ್ತೆ ಕೊಡಬಹುದಾದ ದಿನ ಇಷ್ಟಿರಲಿ. ಅದು ಇಬ್ಬರ ಕೈಯಲ್ಲಿರಲಿ, ಗುಂಪುಗಳಲ್ಲಿ ಹಂಚಬೇಡಿ.

ಕೆರೆ ಸಮಿತಿಯವರಿಗೆ ಒಂದು ಮಾತು. ಕೆರೆ ಬತ್ತಿದಾಗ ಮಾತ್ರ ಕಾಣುವ ಸಂಗತಿಗಳಿವೆ: ತೂಬಿನ ಬಾಯಿ ಎಲ್ಲಿದೆ, ಎಷ್ಟು ಆಳದಲ್ಲಿದೆ, ಏರಿಯ ಒಳಮೈಯ ಕಲ್ಲು ಎಲ್ಲಿ ಜಾರಿದೆ. ಹೂಳು ತೆಗೆಯುವ ದಿನಗಳಲ್ಲೇ ಅಳತೆಯ ಕೋಲು ನಿಲ್ಲಿಸಿ, ಹಿಂದೆ ಗುರುತು ಸಿಗುವ ಮರವೋ ಗುಡಿಯೋ ಕಾಣುವಂತೆ ಫೋಟೋ ತೆಗೆದು, ಪ್ರಿಂಟ್ ಹಾಕಿಸಿ ಪುಸ್ತಕಕ್ಕೆ ಅಂಟಿಸಿ. ಮಳೆ ಬಂದ ಮೇಲೆ ಅದು ಯಾರ ಕಣ್ಣಿಗೂ ಬೀಳದು. ಮುಂದಿನ ಸಲ ಜೆಸಿಬಿ ಇಳಿಸುವವರು ಏರಿಯ ಬುಡಕ್ಕೇ ಹತ್ತಿ ಅಗೆದರೆ ಏರಿ ಸಡಿಲಾಗಿ ನೀರು ಜಿನುಗುತ್ತದೆ. ಎಲ್ಲಿಂದ ಆಚೆ ಅಗೆಯಬಹುದೆಂದು ಇಲಾಖೆಯ ಎಂಜಿನಿಯರರಿಂದ ಗುರುತು ಹಾಕಿಸಿದ್ದರೆ ಆ ಗುರುತನ್ನೂ ನಕ್ಷೆಯಲ್ಲಿ ಬರೆದಿಡಿ. ಯಾವ ಇಲಾಖೆಯ ಅನುಮತಿ ಪತ್ರ, ಅದರ ನಂಬರ್, ಸರ್ವೆ ನಂಬರ್ ಅದರ ಕೆಳಗೇ ಇರಲಿ.

ಬರೆಯಲು ಬಾರದವರ ತಿಳಿವಳಿಕೆ ಎಲ್ಲಕ್ಕಿಂತ ಬೇಗ ಕಳೆದುಹೋಗುತ್ತದೆ. ಸಾವಿರ ಜನಕ್ಕೆ ಅಡುಗೆ ಮಾಡುವ ಅಕ್ಕಂದಿರು, ಪಂಪು ರಿಪೇರಿ ಮಾಡುವ ಅಣ್ಣಂದಿರು ಸಭೆಗೆ ಬಂದರೂ ಹಿಂದೆ ಕೂರುತ್ತಾರೆ. ಅವರ ಎದುರು ಪುಸ್ತಕ ಇಟ್ಟು "ಬರೀರಿ" ಎನ್ನಬೇಡಿ. ಪಿಯುಸಿ ಓದುವ ಹುಡುಗಿಯೊಬ್ಬಳು ಫೋನಿನಲ್ಲಿ ರೆಕಾರ್ಡ್ ಹಚ್ಚಿ ಅವರ ಪಕ್ಕದಲ್ಲಿ ನಿಲ್ಲಲಿ, ಅವರು ಕೆಲಸ ಮಾಡುತ್ತಲೇ ಹೇಳಲಿ. ಆಮೇಲೆ ಅವರದೇ ಮಾತಿನಲ್ಲಿ ಬರೆದು ಓದಿ ಕೇಳಿಸಲಿ. ಓದಿ ಕೇಳಿಸುವುದನ್ನು ಬಿಡಬೇಡಿ, ಬಿಟ್ಟುಹೋದದ್ದು ಆಗಲೇ ಹೊರಬರುವುದು. ಶಾಲೆಯ ಬಿಸಿಯೂಟದ ಲೆಕ್ಕದಲ್ಲಿ ಕಿರಿಯ ಮಕ್ಕಳಿಗೆ ತಲೆಗೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ, ಹಿರಿಯ ಪ್ರಾಥಮಿಕದವರಿಗೆ 150 ಗ್ರಾಂ, 30 ಗ್ರಾಂ ಎಂಬುದು ಸರ್ಕಾರದ ಆದೇಶದಲ್ಲೇ ಸಿಗುತ್ತದೆ. ಆದರೆ ಪಂಕ್ತಿಯಲ್ಲಿ ರೊಟ್ಟಿಯೂ ಗೋಧಿ ಹುಗ್ಗಿಯೂ ಇದ್ದರೆ ಅನ್ನ ಎಷ್ಟು ಇಳಿಸಬೇಕು, ಎರಡನೆಯ ಪಂಕ್ತಿಗೆ ಎಸರು ಯಾವಾಗ ಇಡಬೇಕು ಎಂಬುದು ಒಲೆಯ ಮುಂದೆ ನಿಂತವರಲ್ಲಿ ಮಾತ್ರ ಇದೆ.

ಚಾರ್ಜ್ ಕೊಡುವುದು ಒಂದು ದಿನದ ಕೆಲಸ ಎಂದುಕೊಂಡಿದ್ದೇವೆ. ಹಾರ, ಶಾಲು, ಕೀಲಿಕೈ, ಫೋಟೋ, ಮುಗಿಯಿತು. ಕನಿಷ್ಠ ಮೂರು ತಿಂಗಳು ಬೇಕು. ಮೊದಲ ಸಲ ಹಳಬರು ಮಾಡಲಿ, ಹೊಸಬರು ಜೊತೆಗಿರಲಿ. ಎರಡನೆಯ ಸಲ ಹೊಸಬರು ಮಾಡಲಿ, ಹಳಬರು ಪಕ್ಕದಲ್ಲಿ ನಿಂತು ಬಾಯಿ ಕಟ್ಟಿಕೊಳ್ಳಲಿ. ಇದು ಬಹಳ ಕಷ್ಟ, ಆದರೂ ಮಾಡಬೇಕು. ಮೂರನೆಯ ಸಲ ಹೊಸಬರೇ ಮಾಡಲಿ, ಹಳಬರು ಫೋನಿಗೆ ಸಿಕ್ಕರೆ ಸಾಕು. ಪರಿಚಯಗಳನ್ನೂ ಇದೇ ಅವಧಿಯಲ್ಲಿ ಮಾಡಿಸಿ: ಇಬ್ಬರೂ ಕೂಡಿ ದಾನಿಗಳ ಮನೆಗೆ, ಪಂಚಾಯಿತಿಗೆ, ಆಸ್ಪತ್ರೆಗೆ, ಅಂಗಡಿಗೆ ಹೋಗಿ, "ಇನ್ನು ಮುಂದ ಇವರು ಬರ್ತಾರ, ನನಗ ಹೆಂಗ ನೋಡಿದ್ರಿ ಹಂಗ ನೋಡ್ರಿ" ಎಂದು ಹಳಬರ ಬಾಯಿಂದಲೇ ಹೇಳಿಸಿ.

ಹೊಸಬರು ಹಳಬರನ್ನು ಕೇಳುವ ರೀತಿಯೂ ಮುಖ್ಯ. "ಎಲ್ಲಾ ಹೇಳ್ರಿ" ಎಂದರೆ ಯಾರಿಗೂ ಏನೂ ನೆನಪಾಗುವುದಿಲ್ಲ. ಒಂದು ಕೆಲಸ ಹಿಡಿದು ಕೇಳಿ. ಹೋದ ಸಲ ಕೊನೆಯ ಗಳಿಗೆಯಲ್ಲಿ ಏನು ಕೈಕೊಟ್ಟಿತು, ಆಗ ಯಾರು ಬಂದು ನಿಂತರು? ಯಾರ ಜೊತೆ ಮಾತು ಕೆಟ್ಟಿದೆ, ಏಕೆ? ಯಾರಿಗೆ ಬಾಕಿ ಕೊಡಬೇಕು? ಬಾಯಿಮಾತಿನಲ್ಲಿ ಒಪ್ಪಿಕೊಂಡು ಬರೆಯದೇ ಉಳಿದದ್ದು ಏನಿದೆ? ಈ ಕೊನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ, ಸಂಘಗಳ ನಡುವಿನ ಬಹಳಷ್ಟು ಜಗಳ ಅಲ್ಲಿಂದಲೇ ಹುಟ್ಟುತ್ತದೆ.

ಹಿರಿಯರಲ್ಲಿ ಒಂದು ವಿನಂತಿ. ಎಲ್ಲವನ್ನೂ ಹೇಳಿಕೊಟ್ಟರೆ ನಮ್ಮನ್ನು ಯಾರು ಕೇಳುತ್ತಾರೆ ಎಂಬ ಅಳುಕು ಸಹಜ. ಇಪ್ಪತ್ತು ವರ್ಷ ಮನೆ ಮಠ ಬಿಟ್ಟು ದುಡಿದವರಿಗೆ ಆ ಅಳುಕು ಬರುವಂತೆ ನಡೆದುಕೊಳ್ಳುವುದು ಕಿರಿಯರ ತಪ್ಪೂ ಹೌದು. ಅವರನ್ನು ಸಲಹೆಗಾರರೆಂದು ಪತ್ರದ ತಲೆಬರಹದಲ್ಲಿ ಅಚ್ಚು ಹಾಕಿ ಸುಮ್ಮನಾಗಬೇಡಿ. ವರ್ಷಕ್ಕೆ ಎರಡು ಸಲ ಕರೆಸಿ, ಕೈಪಿಡಿಯನ್ನು ಅವರ ಮುಂದಿಟ್ಟು ತಿದ್ದಿಸಿಕೊಳ್ಳಿ. ರಾಯಚೂರಿನಲ್ಲಿ ಪಂಡಿತ ತಾರಾನಾಥರು ಹಮ್‌ದರ್ದ್ ಶಾಲೆ ಕಟ್ಟಿದರು, ಆಮೇಲೆ ತುಂಗಭದ್ರೆಯ ದಂಡೆಯಲ್ಲಿ ಪ್ರೇಮಾಯತನ ಆಶ್ರಮ ಕಟ್ಟಲು ಹೋದರು. ಶಾಲೆ ನಡೆಯಿತು, ಏಕೆಂದರೆ ಹೊಣೆ ಹೊರುವವರು ಅಲ್ಲಿ ಬೇರೆಯವರೂ ಇದ್ದರು.

ಜಿಲ್ಲಾಡಳಿತ ಮತ್ತು ಸಂಘಗಳ ನೋಂದಣಾಧಿಕಾರಿಗಳಲ್ಲೂ ಎರಡು ಕೋರಿಕೆಗಳಿವೆ. ಪದಾಧಿಕಾರಿಗಳು ಬದಲಾದಾಗ ಯಾವ ಯಾವ ಕಾಗದ ಬೇಕು, ಶುಲ್ಕ ಎಷ್ಟು ಎಂಬುದನ್ನು ಒಂದೇ ಹಾಳೆಯಲ್ಲಿ ಸರಳ ಕನ್ನಡದಲ್ಲಿ ಅಚ್ಚು ಹಾಕಿಸಿ ಪ್ರತಿ ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿ ತೂಗುಹಾಕಿಸಿ. ವರ್ಷಕ್ಕೊಮ್ಮೆ ತಾಲೂಕಿಗೊಂದು ಅರ್ಧ ದಿನದ ತರಬೇತಿ ಇಟ್ಟು, ಪ್ರತಿ ಸಂಘದಿಂದ ಒಬ್ಬ ಹಳಬರು, ಒಬ್ಬ ಹೊಸಬರು ಜೋಡಿಯಾಗಿ ಬರುವಂತೆ ಮಾಡಿ. ಕಲಿಸಲು ನಾವು ಬರುತ್ತೇವೆ, ಗೌರವಧನ ಬೇಡ.

ಮುಂದಿನ ಸಭೆಯಲ್ಲಿ ಬರೆಯಲು ಠರಾವಿನ ಒಂದು ಮಾದರಿ ಕೆಳಗಿದೆ, ನಿಮಗೆ ಬೇಕಾದಂತೆ ತಿದ್ದಿಕೊಳ್ಳಿ:

"ಸಂಘದ ಪ್ರತಿಯೊಂದು ಕೆಲಸಕ್ಕೆ ಒಬ್ಬ ಹೊಣೆಗಾರ ಹಾಗೂ ಒಬ್ಬ ಜೊತೆಗಾರ ಇರತಕ್ಕದ್ದು. ಇಬ್ಬರೂ ಒಂದೇ ಮನೆಯವರಾಗಿರಬಾರದು. ಕೈಪಿಡಿಯನ್ನು ಪ್ರತಿ ಮೂರು ತಿಂಗಳ ಸಭೆಯಲ್ಲಿ ಓದಿ, ತಿದ್ದುಪಡಿಗೆ ಅಧ್ಯಕ್ಷರು ಸಹಿ ಮಾಡತಕ್ಕದ್ದು. ಹುದ್ದೆ ಬಿಡುವವರು ಮೂರು ತಿಂಗಳ ಮೊದಲು ತಿಳಿಸಿ, ದಾಖಲೆ, ದಾಸ್ತಾನು, ಬಾಕಿ ಹಾಗೂ ಬಾಯಿಮಾತಿನ ಒಪ್ಪಂದಗಳ ಪಟ್ಟಿಯನ್ನು ಎರಡು ಪ್ರತಿಗಳಲ್ಲಿ ಬರೆದು ಕೊಡತಕ್ಕದ್ದು. ಆ ಪಟ್ಟಿಯನ್ನು ಸಭೆಯಲ್ಲಿ ಓದಿ, ಒಂದು ಪ್ರತಿಯನ್ನು ಸಹಿ ಹಾಕಿ ಅವರಿಗೇ ಮರಳಿಸತಕ್ಕದ್ದು. ಸರ್ವಾನುಮತದಿಂದ ಅಂಗೀಕರಿಸಲಾಯಿತು."

ಇಂತಿ ನಿಮ್ಮ ವಿಶ್ವಾಸಿಗಳು,
ಸಂಘ-ಸಂಸ್ಥೆಗಳ ಲೆಕ್ಕಪತ್ರ ಮತ್ತು ತರಬೇತಿಯ ಕೆಲಸದಲ್ಲಿರುವ ಗೆಳೆಯರು,
ಕೊಪ್ಪಳ